ಮೂರು ಹೊಳೆಗಳ ಊರಿನಲ್ಲಿ ಮಗಳ ಪರೀಕ್ಷೆ

ನಮ್ಮ ಅಫಜಲಪುರದ ಬೇಸಿಗೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. 43 ಡಿಗ್ರಿ ಬಿಸಿಲು, ಬಡಕಲಾದ ಭೀಮಾ ಹೊಳೆ, ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಬರ್ಫ ಎಂದರೆ ನಮಗೆ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿಚೀಲ ಸುತ್ತಿಟ್ಟ ಗಡ್ಡೆ, ಅಷ್ಟೇ. ಅಂಥ ಊರಿನಿಂದ, ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತನಾದ ನಾನು, ಮಗಳು ಬರ್ಫದ ಮೇಲೆ ಕುಣಿಯುವುದನ್ನು ನೋಡಲು ಜರ್ಮನಿಗೆ ಹೊರಟಿದ್ದೇನೆ ಎಂದಾಗ ಓಣಿಯವರು ನಕ್ಕರು.

ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಮೊಮ್ಮಗಳನ್ನು ಸ್ಕೇಟಿಂಗ್ ಕಲಿಯಲು ಕರೆದೊಯ್ದು ಬೆಂಚಿನ ಮೇಲೆ ಕೂತು ಕೂತು ಬೇಸರಾಗಿ ಒಂದು ದಿನ ತಾನೂ ಬೂಟು ಕಟ್ಟಿಕೊಂಡಳಂತೆ. ಆಗ ಅವಳಿಗೆ 37. ಎರಡು ವರ್ಷಕ್ಕೆ ಮೊಮ್ಮಗಳು ಬಿಟ್ಟಳು, ಅವ್ವ ಬಿಡಲಿಲ್ಲ. 41ಕ್ಕೆ ಮೊದಲ ಸ್ಪರ್ಧೆಗೆ ಹೆಸರು ಕೊಟ್ಟು ನನಗೆ ಫೋನು ಮಾಡಿದಳು: “ಅಪ್ಪಾ, ಈ ಸಲ ನೀ ಬರಬೇಕು ನೋಡು.”

‘ಈ ಸಲ’ ಎಂಬ ಮಾತು ನನಗೆ ನಾಟಿತು. ಅವಳು ಹತ್ತನೇ ತರಗತಿಯಲ್ಲಿದ್ದಾಗ ಖೋ ಖೋ ತಂಡಕ್ಕೆ ಆಯ್ಕೆಯಾಗಿದ್ದಳು. ಗುಲಬರ್ಗಾಕ್ಕೆ ಹೋಗಿ ಆಡಬೇಕಿತ್ತು. “ಪರೀಕ್ಷಾ ವರ್ಷದಾಗ ಆಟ ಏನ? ಬ್ಯಾಡ” ಎಂದು ನಾನು ಕಳಿಸಲಿಲ್ಲ. ಅವಳು ಅಳಲಿಲ್ಲ, ಎದುರು ಮಾತಾಡಲಿಲ್ಲ. ಸಂಜೆ ಪುಸ್ತಕ ಹಿಡಿದು ಕೂತಳು. ಆ ಮೌನ ನನ್ನ ಲೆಕ್ಕದಲ್ಲಿ ಬಾಕಿಯಾಗಿಯೇ ಉಳಿದಿತ್ತು.

ಸ್ಪರ್ಧೆ ಇದ್ದದ್ದು ಒಬರ್‌ಸ್ಟ್‌ಡಾರ್ಫ್ ಎಂಬ ಊರಿನಲ್ಲಿ. ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ತಾಸು. ಜರ್ಮನಿಯ ದಕ್ಷಿಣದ ತುತ್ತತುದಿ ಅದು, ರೈಲು ಹಳಿಯೂ ಅಲ್ಲಿಗೇ ಮುಗಿಯುತ್ತದೆ. ಸುತ್ತ ಆಲ್ಪ್ಸ್ ಪರ್ವತ. ಊರ ಹೊರಗೆ ಬ್ರೈಟಾಖ್, ಸ್ಟಿಲ್ಲಾಖ್, ಟ್ರೆಟ್ಟಾಖ್ ಎಂಬ ಮೂರು ಹೊಳೆಗಳು ಕೂಡಿ ಇಲ್ಲರ್ ನದಿಯಾಗುತ್ತವೆ. ನೋಡಿದ ಕೂಡಲೇ ನನಗೆ ಗಾಣಗಾಪುರದಲ್ಲಿ ಭೀಮಾ ಅಮರಜಾ ಕೂಡುವ ಸಂಗಮ ನೆನಪಾಗಿ, ತಿಳಿಯದೆಯೇ ಕೈ ಮುಗಿದೆ. ಹುಲ್ಲುಗಾವಲಿನಲ್ಲಿ ಕಂದು ಬಣ್ಣದ ಆಕಳುಗಳು, ಕೊರಳಲ್ಲಿ ದೊಡ್ಡ ದೊಡ್ಡ ಗಂಟೆ. ಕಣ್ಣು ಮುಚ್ಚಿದರೆ ನಮ್ಮ ಕಾರಹುಣ್ಣಿಮೆ.

ಇಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ವಯಸ್ಕರ ಸ್ಪರ್ಧೆ 2005ರಲ್ಲಿ ಶುರುವಾಯಿತು. ಸೇರಲು 28 ವರ್ಷ ತುಂಬಿರಬೇಕು. ಕಲಿಕೆಗೆ ತಕ್ಕಂತೆ ಕಂಚು, ಬೆಳ್ಳಿ, ಬಂಗಾರ ಎಂಬ ದರ್ಜೆಗಳು, ವಯಸ್ಸಿಗೆ ತಕ್ಕಂತೆ ಗುಂಪುಗಳು. ನನ್ನ ವಯಸ್ಸಿನವರೂ ಬೂಟು ಕಟ್ಟುತ್ತಿದ್ದರು! ಮಗಳದು ಕಂಚಿನ ದರ್ಜೆ.

ಅಭ್ಯಾಸಕ್ಕೆಂದು ಹತ್ತು ದಿನ ಮೊದಲೇ ಬಂದು ಬಾಡಿಗೆ ಕೋಣೆ ಹಿಡಿದಿದ್ದೆವು. ಹೊರಗೆ ಎಳೆಬಿಸಿಲು, ಒಳಗೆ ನಾನು ಸ್ವೆಟರಿನ ಮೇಲೊಂದು ಸ್ವೆಟರು ಹಾಕಿ ಕೂತವನು. ಬರ್ಫದ ಅಂಗಳ 60 ಮೀಟರ್ ಉದ್ದ, 30 ಮೀಟರ್ ಅಗಲ. ಆಳವೆಷ್ಟಿರಬಹುದು ಮಕ್ಕಳೇ? ಕೆಲವೇ ಸೆಂಟಿಮೀಟರ್. ಅದರ ಕೆಳಗೆ ಥಂಡಿ ದ್ರವ ಹರಿಯುವ ಕೊಳವೆಗಳಿರುತ್ತವೆ. ಗೀರು ಬಿದ್ದ ಬರ್ಫವನ್ನು ನುಣುಪು ಮಾಡಲು ಯಂತ್ರವೊಂದು ಬಂದು ಅದರ ಮೇಲೆ ಬಿಸಿನೀರು ಹರಡುತ್ತದೆ. ಬಿಸಿನೀರು ಗೀರುಗಳನ್ನು ಕರಗಿಸಿ, ಸಮನಾಗಿ ಹರಡಿ, ಮತ್ತೆ ಹೆಪ್ಪುಗಟ್ಟುತ್ತದೆ. ಅಮೆರಿಕದ ಫ್ರಾಂಕ್ ಝಾಂಬೋನಿ 1949ರಲ್ಲಿ ಮಾಡಿದ ಯಂತ್ರವಂತೆ ಅದು.

ಬೂಟಿನ ಕೆಳಗಿನ ಉಕ್ಕಿನ ಪಟ್ಟಿಯ ದಪ್ಪ ಸುಮಾರು 4 ಮಿಲಿಮೀಟರ್. ಅದರ ತಳದ ನಡುವೆ ಸಣ್ಣ ಹಳ್ಳ ಕೊರೆದಿರುವುದರಿಂದ ಎರಡು ಅಂಚು ಆಗುತ್ತವೆ, ಒಳ ಅಂಚು ಮತ್ತು ಹೊರ ಅಂಚು. ಯಾವ ಅಂಚಿನ ಮೇಲೆ ಭಾರ ಹಾಕಬೇಕು ಎಂಬುದರಲ್ಲೇ ಈ ವಿದ್ಯೆಯೆಲ್ಲ ಇದೆ. ಮಗಳು ಕಲಿಯುತ್ತಿದ್ದ ‘ಸಾಲ್ಕೋ’ ಜಿಗಿತದಲ್ಲಿ ಹಿಮ್ಮುಖವಾಗಿ ಜಾರುತ್ತ ಒಂದು ಕಾಲಿನ ಒಳ ಅಂಚಿನಿಂದ ಹಾರಿ, ಗಾಳಿಯಲ್ಲಿ ಸುತ್ತಿ, ಇನ್ನೊಂದು ಕಾಲಿನ ಹೊರ ಅಂಚಿನ ಮೇಲೆ ಇಳಿಯಬೇಕು. ಸ್ವೀಡನ್ನಿನ ಉಲ್ರಿಕ್ ಸಾಲ್ಕೋ 1909ರಲ್ಲಿ ಮೊದಲು ಮಾಡಿ ತೋರಿಸಿದ ಜಿಗಿತ.

ನನಗೆ ಕೆಲಸ ಬೇಕಲ್ಲ? ಒಂದು ನೋಟುಬುಕ್ಕು ತಂದು ಎರಡು ಕಾಲಂ ಎಳೆದೆ. ಎಡಕ್ಕೆ ಬಿದ್ದದ್ದು, ಬಲಕ್ಕೆ ನೆಟ್ಟಗೆ ಇಳಿದದ್ದು. ಮೊದಲ ದಿನ 20 ಜಿಗಿತ, 13 ಸಲ ಬಿದ್ದಳು. ಒಂದೊಂದು ಸಲ ಬಿದ್ದಾಗಲೂ ನನ್ನ ಸೊಂಟವೇ ಮುರಿದಂತಾಗುತ್ತಿತ್ತು. ‘ಸಾಕವ್ವ, ಬಿಡು’ ಎಂಬ ಮಾತು ಬಾಯಿಗೆ ಬಂದು ನುಂಗಿಕೊಂಡೆ. ಆ ಮಾತನ್ನು ಒಮ್ಮೆ ಆಡಿಯಾಗಿತ್ತು.

ಕಲಿಸುವಾಕೆ ಪದೇ ಪದೇ ಏನೋ ಕೂಗುತ್ತಿದ್ದಳು. ಮೊಮ್ಮಗಳನ್ನು ಕೇಳಿದೆ. “ಮಣಕಾಲ ಬಗ್ಗಸು ಅಂತಾರ ಮುತ್ಯಾ.” ನನಗೆ ನಗು ಬಂತು. ಮಳೆಗಾಲದಲ್ಲಿ ನಮ್ಮ ಎರೆಹೊಲದಲ್ಲಿ ಜಾರದೆ ನಡೆಯಲು ನನ್ನ ಅವ್ವ ಹೇಳುತ್ತಿದ್ದದ್ದೂ ಅದೇ ಮಾತು. ಸಂಜೆ ಮಗಳಿಗೆ ಹೇಳಿದೆ: “ನೀ ಕಾಲು ಬಿಗಿ ಹಿಡದೀದಿ. ಎರಿ ಹೊಲದಾಗ ಹುಲ್ಲಿನ ಹೊರಿ ಹೊತ್ತು ನಡದಂಗ ನಡಿ.” ಒಂಬತ್ತನೇ ದಿನ 20ರಲ್ಲಿ 5 ಸಲ ಮಾತ್ರ ಬಿದ್ದಳು. ನನ್ನ ಮಾತಿನಿಂದಲ್ಲ, ಅವಳ ಹಟದಿಂದ.

ಆ ರಾತ್ರಿ ಅವಳು ಇಂಗ್ಲೆಂಡಿನ ಮ್ಯಾಡ್ಜ್ ಸೈಯರ್ಸ್ ಕಥೆ ಹೇಳಿದಳು. ಹೆಂಗಸರು ಬರಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. 1902ರ ವಿಶ್ವ ಸ್ಪರ್ಧೆಯಲ್ಲಿ ಆಕೆ ಗಂಡಸರ ನಡುವೆ ಇಳಿದು ಎರಡನೆಯವಳಾದಳು. ಆಮೇಲೆ ಹೆಂಗಸರನ್ನು ತಡೆಯುವ ನಿಯಮ ಮಾಡಿದರು. 1906ರಲ್ಲಿ ಹೆಂಗಸರಿಗೆ ಬೇರೆ ಸ್ಪರ್ಧೆ ಶುರುವಾಯಿತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಕೆ ಬಂಗಾರ ಗೆದ್ದಳು. ಕೇಳಿ ನಾನು ಸುಮ್ಮನಾದೆ. “ಖೋ ಖೋಕ್ಕ ಕಳಸಬೇಕಿತ್ತವ್ವ, ತಪ್ಪಾತು” ಎಂದೆ. ಅವಳು ದೀಪ ಆರಿಸಿ, “ಮಲ್ಕೋ ಅಪ್ಪಾ, ನಾಳಿ ಲಗೂ ಏಳಬೇಕು” ಎಂದಳು.

ಮರುದಿನ ಸ್ಪರ್ಧೆ. ಹಾಡು ಯಾವುದು ಗೊತ್ತೇ? ನಮ್ಮ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದ. ಊರ ಭಜನೆಯವರಿಂದ ಹಾಡಿಸಿ ನಾನೇ ಮೊಬೈಲಿನಲ್ಲಿ ಹಿಡಿದು ಕಳಿಸಿದ್ದೆ. ಮೊಮ್ಮಗಳು ಅದನ್ನು 1 ನಿಮಿಷ 40 ಸೆಕೆಂಡಿಗೆ ಕತ್ತರಿಸಿದ್ದಳು. ಆಲ್ಪ್ಸ್ ಬುಡದಲ್ಲಿ ಏಕತಾರಿ ಮಿಡಿಯಿತು, ದಮ್ಮಡಿ ಬಡಿಯಿತು. ಮಗಳು ಜಾರಿ ಬಂದಳು, ಹಾರಿದಳು, ಬಿದ್ದಳು.

ಪದ ಯಾರಿಗೂ ಕಾಯುವುದಿಲ್ಲ. ಅವಳು ಎದ್ದಳು, ಮಣಕಾಲು ಬಗ್ಗಿಸಿದಳು, ಎರಡು ಹೆಜ್ಜೆ ಬಿಟ್ಟು ತಾಳ ಹಿಡಿದಳು. ಗಾಲರಿಯಲ್ಲಿ ಕೂತ ಪರದೇಶದ ಮಂದಿ ದಮ್ಮಡಿಗೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಕಡೆಯ ಸುತ್ತು ಮುಗಿಸಿ ನಿಂತಾಗ ನೋಟುಬುಕ್ಕು ನನ್ನ ಕೈಯಿಂದ ಕೆಳಗೆ ಬಿದ್ದಿತ್ತು.

ಅವಳ ಗುಂಪಿನಲ್ಲಿ ಕಡೆಯಿಂದ ಎರಡನೆಯ ಸ್ಥಾನ ಬಂತು. ಹೊರಗೆ ಬೂಟು ಬಿಚ್ಚುತ್ತ ಕೂತವಳ ಹತ್ತಿರ ಹೋಗಿ, “ಖೋ ಖೋ ಬಾಕಿ ತೀರಿತೇನವ್ವ?” ಎಂದು ಕೇಳಿದೆ.

“ಅಸಲು ಮುಟ್ಟಿತಪ್ಪಾ,” ಎಂದಳು. “ಬಡ್ಡಿ ಉಳದದ. ಮುಂದಿನ ವರ್ಷನೂ ಬರಬೇಕು.”

ಊರಿಗೆ ಬಂದವನೇ ಪಾಸ್‌ಪೋರ್ಟ್ ತೆಗೆದು ನೋಡಿದೆ. ಇನ್ನೂ ಆರು ವರ್ಷ ನಡೆಯುತ್ತದೆ.