ಕರೆಗಂಟೆ ಬಾರದ ಹೊತ್ತಿನಲ್ಲಿ

ಜಪಾನಿನಲ್ಲಿ 1991ರಲ್ಲಿ ತೆರೆಕಂಡ ‘ರೋಜಿನ್ ಝಡ್’ ಎಂಬ ವಿಡಂಬನೆಯ ಆನಿಮೇಷನ್ ಚಿತ್ರವನ್ನು ಈಚೆಗೆ ಮಗನೊಡನೆ ನೋಡಿದೆ. ‘ರೋಜಿನ್’ ಎಂದರೆ ವೃದ್ಧರು. ಕಥೆ ಕತ್ಸುಹಿರೊ ಒಟೊಮೊ ಅವರದು, ನಿರ್ದೇಶನ ಹಿರೊಯುಕಿ ಕಿಟಾಕುಬೊ ಅವರದು. ಉಣಿಸಿ, ಮೀಯಿಸಿ, ಶುಚಿಗೊಳಿಸುವ ಅಣುಶಕ್ತಿಯ ಗಣಕಮಂಚವೊಂದಕ್ಕೆ ಸರಕಾರವು ತಕಜಾವಾ ಎಂಬ 87ರ ವೃದ್ಧರನ್ನು ಒಪ್ಪಿಸುತ್ತದೆ. ಅವರ ಮೊರೆಗೆ ಕಿವಿಗೊಡುವವಳು ದಾದಿಯ ಶಿಕ್ಷಣ ಪಡೆಯುತ್ತಿರುವ ಹರುಕೊ. ಕೊನೆಗೆ ಯಂತ್ರವೇ ಅಗಲಿದ ಮಡದಿಯ ದನಿ ತಾಳಿ, ಗೋಡೆಗಳನ್ನೊಡೆದು, ಅವರನ್ನು ಕಡಲತಡಿಗೆ ಒಯ್ಯಹೊರಡುತ್ತದೆ. ಮಗ ನಕ್ಕನು, ನನಗೆ ನಗಲಾಗಲಿಲ್ಲ.

ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆಯವರಿಗೆ ಗಾಳಿಹಾಸಿಗೆಯನ್ನೂ ಕರೆಗಂಟೆಯನ್ನೂ ತರಿಸಿ ನಾನು ನಿಶ್ಚಿಂತಳಾಗಿದ್ದೆ. ಮೈಯಲ್ಲಿ ಹುಣ್ಣಾಗಲಿಲ್ಲ, ಹಾಸಿಗೆಯ ಉಪಕಾರ ದೊಡ್ಡದು. ಗಂಟೆ ಕೇಳಿದೊಡನೆ ಓಡುತ್ತಿದ್ದೆ. ಕೇಳದಿದ್ದರೆ ಆ ಕೋಣೆಯತ್ತ ಸುಳಿಯುತ್ತಿರಲಿಲ್ಲ. ಒಂದು ದಿನ ಅವರೇ ಅಂದರು: “ಗಂಟಿ ಬಾರಿಸದಿದ್ರೂ ಒಮ್ಮೆ ಬಾರವ್ವಾ.”

ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಅವರ ಬಳಿ ಕುಳಿತು, ತವರಿನ, ಹೊಲದ ಮಾತು ಕೇಳತೊಡಗಿದೆ. ಮುಂದೆ ಅವರು ಬದುಕಿದ್ದುದು ನಾಲ್ಕೇ ತಿಂಗಳು. ಅದಕ್ಕೂ ಹಿಂದಿನ ಸಂಜೆಗಳು ನನ್ನ ಪಾಲಿಗೆ ಹೋದವು.

ಜಪಾನಿನಲ್ಲಿ 2000ದಿಂದ ವೃದ್ಧರ ಆರೈಕೆಗಾಗಿ ವಿಮೆಯ ಏರ್ಪಾಡಿದೆ. ನಮ್ಮಲ್ಲಿ ಆ ಭಾರವನ್ನು ಬಹುಮಟ್ಟಿಗೆ ಮನೆಯವರೇ ಹೊರಬೇಕು. ಸಾಧನಗಳು ಬೇಕೇ ಬೇಕು. ಓದುಗ ಬಂಧುಗಳೇ, ಅವನ್ನು ಅವಶ್ಯ ತನ್ನಿರಿ. ತಂದ ಮೇಲೆ ಉಳಿಯುವ ಹೊತ್ತಿನಲ್ಲಿ ಸ್ವಲ್ಪವನ್ನು ಹಿರಿಯರ ಮಗ್ಗುಲಲ್ಲಿ ಕಳೆಯಿರಿ.