ಒಬ್ಬೊಬ್ಬರಲ್ಲ, ಬಳಗಕ್ಕೆ ಬಳಗ

ಆಂಧ್ರದ ಗಡಿಗೆ ಸಮೀಪವಾದ ನಮ್ಮ ಕೊಡಿಗೇನಹಳ್ಳಿಯ ಕಡೆ ಕೂಟ ಕಟ್ಟುವುದು ಹೊಸ ಸಂಗತಿಯೇನಲ್ಲ. ಹಾಲಿನ ಡೇರಿ, ಭಜನಾ ಮಂಡಳಿ, ಸ್ತ್ರೀಶಕ್ತಿ ಸಂಘ, ಶಾಲೆಯ ಹಳೆಯ ಸಹಪಾಠಿಗಳು, ಹೀಗೆ ಒಂದೊಂದಕ್ಕೂ ಈಗ ವಾಟ್ಸಾಪಿನಲ್ಲಿ ಒಂದೊಂದು ಬಳಗವಿದೆ. ಉದ್ಯೋಗಕ್ಕೆಂದು ಬೆಂಗಳೂರು ಸೇರಿದ ನಮ್ಮ ತರುಣರು ಊರಿನವರೆಲ್ಲರನ್ನೂ ಒಂದೇ ಜಾಲಕ್ಕೆ ತರಬೇಕೆಂದು ಹೊರಟರು. ಮೊದಲು ಒಬ್ಬೊಬ್ಬರಿಗೂ ಕರೆ ಕಳುಹಿಸಿದರು. ಬಂದವರು ಬೆರಳೆಣಿಕೆಯಷ್ಟು, ಬಂದವರೂ ಮೌನ.

ನಮಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲಿಯೇ ಆರಂಭವಾದ 'ಕೂ' ಜಾಲವನ್ನು ಓದುಗರು ಮರೆತಿರಲಾರರು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ವಿರಸವುಂಟಾದಾಗ ಸಚಿವರೂ ಇಲಾಖೆಗಳೂ ಅಲ್ಲಿಗೆ ಬಂದರು. ಅವರ ಹಿಂದೆ ಜನರೂ ಬಂದರು. 2024ರ ಜುಲೈನಲ್ಲಿ ಅದು ಬಾಗಿಲು ಮುಚ್ಚಿತು. ಹಣದ ಮುಗ್ಗಟ್ಟು ಇದ್ದದ್ದು ನಿಜ. ಆದರೆ ದೊಡ್ಡವರನ್ನು ನೋಡಬಂದವರಿಗೆ ತಮ್ಮತಮ್ಮಲ್ಲಿ ಬಳಕೆ ಬೆಳೆಯಲಿಲ್ಲವೆಂದೇ ನಮ್ಮ ಅನಿಸಿಕೆ. ಜಾತ್ರೆಗೆ ನೆರೆದವರು ಊರಾಗುವರೆ?

ತರುಣರು ದಾರಿ ಬದಲಿಸಿದರು. ಇರುವ ಬಳಗಗಳನ್ನು ಇದ್ದಂತೆಯೇ ಒಂದು 'ಕಮ್ಯೂನಿಟಿ'ಯ ಕೆಳಗೆ ಜೋಡಿಸುವ ಅನುಕೂಲವನ್ನು ವಾಟ್ಸಾಪು 2022ರ ನವೆಂಬರಿನಲ್ಲಿ ಎಲ್ಲರಿಗೂ ತೆರೆದಿತ್ತು. ಈ ಸಲ ಅವರು ಬಳಗ ನಡೆಸುವವರನ್ನೇ ಕಂಡರು. ಡೇರಿಯ ಕಾರ್ಯದರ್ಶಿಗಳು ಒಪ್ಪಿದೊಡನೆ ಅಲ್ಲಿನ ಜನವೆಲ್ಲ ಒಮ್ಮೆಗೇ ಸೇರಿತು.

ನಮ್ಮ ಚಿಕ್ಕಮ್ಮನವರು ನಡೆಸುವ ಅಕ್ಕನ ಬಳಗ ಮಾತ್ರ ಒಪ್ಪಲಿಲ್ಲ. "ಇಲ್ಲಿ ಇಪ್ಪತ್ತೆರಡು ಜನ ಇದೀವಿ ಕಣಪ್ಪ. ಸೊಸೆಗೆ ಮೈಲಿ ಹುಷಾರಿಲ್ಲ ಅಂತಲೂ ಹೇಳ್ಕೊತೀವಿ, ಚೀಟಿ ದುಡ್ಡು ಕಟ್ಟಕ್ಕಾಗಲಿಲ್ಲ ಅಂತಲೂ ಹೇಳ್ಕೊತೀವಿ. ಊರೆಲ್ಲ ಬಂದು ಕೂತರೆ ಬಾಯಿ ಬಿಡೋರು ಯಾರು?"

ಒಂದು ಬಳಗದ ಮಾತು ಇನ್ನೊಂದಕ್ಕೆ ಕಾಣದು, ಪ್ರಕಟಣೆ ಮಾತ್ರ ಎಲ್ಲರಿಗೂ ಹೋಗುವುದೆಂದು ತರುಣರು ವಿವರಿಸಿದರು. ಅಷ್ಟಕ್ಕೇ ನಂಬುವವರಲ್ಲ ನಮ್ಮ ಚಿಕ್ಕಮ್ಮ. ಬೇರೊಂದು ಜೋಡಿ ಬಳಗದಲ್ಲಿ ಸಂದೇಶ ಕಳುಹಿಸಿಸಿ, ಪಕ್ಕದ ಮನೆಯವರ ಫೋನನ್ನು ತರಿಸಿ ನೋಡಿದರು. ಹೊರಗಿನವರು ಸೇರಬಯಸಿದರೆ ತಮ್ಮ ಒಪ್ಪಿಗೆ ಬೇಕೆಂಬ ಕಟ್ಟನ್ನೂ ಮೊದಲೇ ಹಾಕಿಸಿದರು. ಆಮೇಲೆಯೇ ಸೇರಿದ್ದು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಮ್ಮೂರಿನ ಹುಡುಗನಿಗೆ ರಕ್ತ ಬೇಕಾದಾಗ ಪ್ರಕಟಣೆ ಎಲ್ಲ ಬಳಗಗಳಿಗೂ ಹೋಯಿತು. ನಾಲ್ವರು ಓಡಿದರು. ಅವರಲ್ಲಿ ಮೂವರು ಹಾಲು ಹಾಕುವವರ ಮಕ್ಕಳು. ಪ್ರಕಟಣೆ ಓದಿ ಹೊರಟವರಲ್ಲ, ಅದನ್ನು ಓದಿದ ಡೇರಿಯ ಕಾರ್ಯದರ್ಶಿಗಳು ಹೆಸರು ಹಿಡಿದು ಫೋನು ಮಾಡಿದ್ದಕ್ಕೆ ಹೊರಟವರು.