ಬೆಟ್ಟ ಮುಚ್ಚಿದ ಸಂಜೆ

ದಸರಾ ಮುಗಿದು ವಾರವಾಗಿದೆ. ಮಧ್ಯಾಹ್ನ ಮೂರೂವರೆ. ಮೈಸೂರಿನ ಕೃಷ್ಣಮೂರ್ತಿಪುರಂನ ಅಡ್ಡರಸ್ತೆಯೊಂದರಲ್ಲಿ, ಹಳೇ ಹೆಂಚಿನ ಮನೆಯ ಜಗಲಿಯ ಮೇಲೆ ಕೂತಿದ್ದೀರಿ. ಎಲೆ ಅಲ್ಲಾಡುತ್ತಿಲ್ಲ. ಕುತ್ತಿಗೆಯಲ್ಲಿ ಬೆವರು. ಮಹಡಿಯಿಂದ ಯಾರೋ ಕೂಗುತ್ತಾರೆ: "ಬೆಟ್ಟ ಮುಚ್ಕೊಂತು, ಬಟ್ಟೆ ತೆಗೀರಿ!" ಚಾಮುಂಡಿ ಬೆಟ್ಟ ಕಾಣದಾಯಿತೆಂದರೆ ಈ ಬೀದಿಗೆ ಬೇರೆ ಮುನ್ಸೂಚನೆ ಬೇಡ.

ಮೊದಲು ನಾಲ್ಕು ದಪ್ಪ ಹನಿ, ಮಣ್ಣಿನ ವಾಸನೆ. ಆಮೇಲೆ ಒಮ್ಮೆಲೇ ಸುರಿತ. ಎದುರು ಮನೆಯ ಗೇಟು ಮಸುಕಾಗುತ್ತದೆ. ಹೆಂಚಿನ ಅಂಚಿನಿಂದ ನೀರು ಹಗ್ಗದಂತೆ ಇಳಿಯುತ್ತಿದೆ. ಕೆಳಗಿಟ್ಟ ಬಕೆಟ್ಟು ನೋಡನೋಡುತ್ತಲೇ ತುಂಬಿ ಚೆಲ್ಲುತ್ತದೆ. ಕರೆಂಟು ಹೋಯಿತು.

ಚಿತ್ತೆ ಮಳೆಯ ರೀತಿಯೇ ಇದು. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು ಹಗುರಾಗಿ ನಮ್ಮ ಕಡೆ ಬರುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿದರೆ, ಮೈಸೂರಿಗೆ 800ರ ಆಸುಪಾಸು. ಇಲ್ಲಿ ಮಳೆಗಾಲದ ಜಡಿಮಳೆಗಿಂತ ಮೇ ಮತ್ತು ಅಕ್ಟೋಬರಿನ ಗುಡುಗಿನ ಸಂಜೆಗಳೇ ಜೋರು. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ 'ಭಾರಿ ಮಳೆ' ಎನ್ನುತ್ತದೆ, 204.5 ಮುಟ್ಟಿದರೆ 'ಅತ್ಯಂತ ಭಾರಿ'. ಆದರೆ ಜಗಲಿಯ ಮೇಲೆ ಕೂತವರಿಗೆ ದಿನದ ಲೆಕ್ಕ ಸಾಲದು, ಗಂಟೆಯ ಲೆಕ್ಕ ಬೇಕು. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಈ 30-40 ಸೈಟಿನ ಮೇಲೆ 50 ಮಿ.ಮೀ. ಬಿದ್ದರೆ 5,500 ಲೀಟರ್: ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್ ನೀರು. ದಿನವಿಡೀ ಬಿದ್ದರೆ ಮಣ್ಣು ಕುಡಿದೀತು. ಗಂಟೆಯಲ್ಲಿ ಬಿದ್ದರೆ ಬೀದಿಗೇ ಬರಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹವೆ ಬಿಸಿಯಾಗುತ್ತ ಹೋದಂತೆ ಇಂಥ ಗಂಟೆಗಳು ಇನ್ನೂ ಬಿರುಸಾಗಲಿವೆ.

ಬೀದಿ ಈಗ ಕಾಲುವೆ. ಚರಂಡಿಯ ಬಾಯಿಗೆ ಎಲೆ, ಹಾಲಿನ ಕವರು ಸಿಕ್ಕಿಕೊಂಡಿವೆ. ನಿಲ್ಲಿಸಿದ ಸ್ಕೂಟರಿನ ಅರ್ಧ ಚಕ್ರ ಮುಳುಗಿದೆ. 2021ರ ಅಕ್ಟೋಬರಿನ ಮಳೆಗೆ ಬೆಟ್ಟದಲ್ಲಿ ನಂದಿಯ ಕಡೆಗಿನ ರಸ್ತೆಯೇ ಕುಸಿದದ್ದು ಮನಸ್ಸಿಗೆ ಬರುತ್ತದೆ. ಅಶೋಕಪುರಂ ದಾಟಿ ರೈಲು ಹೋಗುವ ನಂಜನಗೂಡಿನ ಪಾಡು ಬೇರೆ. ವಯನಾಡಿನಲ್ಲಿ ಸುರಿದದ್ದು ಕಬಿನಿಯಲ್ಲಿ ಬರುತ್ತದೆ. 2019ರ ಆಗಸ್ಟಿನಲ್ಲೂ 2024ರ ಜುಲೈ ಕೊನೆಯಲ್ಲೂ ಅಲ್ಲಿ ಹೊಳೆ ಹದ್ದು ಮೀರಿ, ಸ್ನಾನಘಟ್ಟದ ಹದಿನಾರು ಕಾಲು ಮಂಟಪ ನೀರಿನಲ್ಲಿ ಮುಳುಗಿತು. ತಮ್ಮೂರಲ್ಲಿ ಬೀಳದ ಮಳೆಗೂ ಅವರು ಮನೆ ಖಾಲಿ ಮಾಡಬೇಕು. ನಮ್ಮ ಬೀದಿಯ ನೀರು ಮಾತ್ರ ನಮ್ಮ ತಲೆಯ ಮೇಲೇ ಬಿದ್ದದ್ದು.

ಐದರ ಹೊತ್ತಿಗೆ ಮಳೆ ನಿಲ್ಲುತ್ತದೆ. ಪಂಚೆ ಎತ್ತಿ ಕಟ್ಟಿ ಬೀದಿಗಿಳಿಯಿರಿ. ಕೋಲಿನಿಂದ ಚರಂಡಿಯ ಬಾಯಿ ಬಿಡಿಸಿದರೆ ನೀರು ಗೊರಗೊರ ಸದ್ದು ಮಾಡುತ್ತಾ ಸುತ್ತಿ ಇಳಿಯುತ್ತದೆ. ಇಕ್ಕೆಲದಲ್ಲೂ ಗೇಟಿನಿಂದ ಡಾಂಬರಿನವರೆಗೆ ಸಿಮೆಂಟು ಚಪ್ಪಡಿ. ಮೂಲೆಮನೆಯ ಹೊಂಗೆಮರದ ಬುಡದಲ್ಲಿ ಮಾತ್ರ ಮೊರದಗಲ ಮಣ್ಣು ಉಳಿದಿದೆ. ಬಗ್ಗಿ ನೋಡಿ: ಅಲ್ಲಿ ನಿಂತ ನೀರಿನಲ್ಲಿ ಗುಳ್ಳೆಗಳೇಳುತ್ತಿವೆ. ಗುಳ್ಳೆ ಒಡೆದಂತೆಲ್ಲ ನೀರು ಒಂದೊಂದೇ ಕೂದಲೆಳೆ ತಗ್ಗುತ್ತಿದೆ. ಇನ್ನೆರಡು ಚಪ್ಪಡಿ ಕೀಳಲು ನಾಳೆ ಹಾರೆ ತರಬೇಕು.